ಮಾತಿನ ಚಿಕಿತ್ಸೆ: ನಮ್ಮ ಮಕ್ಕಳಿಗೊಂದು ವೃತ್ತಿ

ಹತ್ತನೆಯ ತರಗತಿ ಮುಗಿಯಿತೆಂದರೆ ನಮ್ಮ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಕೇಳಿಬರುವ ಹೆಸರುಗಳು ಎರಡೇ: ಡಾಕ್ಟರು, ಇಲ್ಲವೆ ಎಂಜಿನಿಯರು. ನಮ್ಮಂಥ ಬಹುಭಾಷಿಕರಿಗೆ ಹೇಳಿ ಮಾಡಿಸಿದಂತಿರುವ ಇನ್ನೊಂದು ವೃತ್ತಿಯತ್ತ ಪಾಲಕರ ಗಮನ ಸೆಳೆಯಬಯಸುತ್ತೇನೆ. ಅದು ವಾಕ್ ಚಿಕಿತ್ಸಕರ ವೃತ್ತಿ.

ಮಗುವಿಗೆ ಮಾತು ತಡವಾದರೆ ಬಜೆ ತೇಯ್ದು ನೆಕ್ಕಿಸುವುದು, ‘ಇವನ ಅಪ್ಪನೂ ತಡವಾಗಿ ಮಾತಾಡಿದವನೇ’ ಎಂದು ಸಮಾಧಾನ ತಂದುಕೊಳ್ಳುವುದು ನಮ್ಮಲ್ಲಿ ರೂಢಿ. ಎರಡು ವರ್ಷ ತುಂಬಿಯೂ ಎರಡು ಪದ ಕೂಡಿಸಿ ಆಡದ ಮಗುವನ್ನು ಪರೀಕ್ಷೆಗೆ ಒಯ್ಯಲೇಬೇಕು. ಮೊದಲು ಕಿವಿಯ ಪರೀಕ್ಷೆ; ಕಿವಿಗೆ ಬೀಳದ ಮಾತು ನಾಲಿಗೆಗೆ ಬರುವುದೆಂತು? ಉಗ್ಗುವವರು, ಸೀಳಂಗುಳದ ಮಕ್ಕಳು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಹಿರಿಯರು, ತರಗತಿಯಲ್ಲಿ ಕೂಗಿ ಕೂಗಿ ದನಿ ಕೆಡಿಸಿಕೊಂಡ ನಮ್ಮಂಥ ಉಪಾಧ್ಯಾಯರು, ಎಲ್ಲರೂ ಈ ಚಿಕಿತ್ಸಕರ ಬಳಿಗೆ ಹೋಗಬೇಕಾದವರೇ. ಔಷಧ, ಶಸ್ತ್ರ ಇವರ ಕೆಲಸವಲ್ಲ. ತಿಂಗಳುಗಟ್ಟಲೆ ಎದುರು ಕುಳಿತು, ಆಡಿಸಿ, ನುಡಿಸಿ ಅಭ್ಯಾಸ ಮಾಡಿಸುವುದು.

ಹಾಗೆ ನುಡಿಸುವುದು ಯಾವ ಭಾಷೆಯಲ್ಲಿ? ನಮ್ಮ ಕಷ್ಟವಿರುವುದು ಇಲ್ಲಿಯೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಕೇಳಿ ಬೆಳೆಯುವ ಮಗು ಹಾಲಿನ ಚಿತ್ರ ಕಂಡು ‘ಪೇರ್’ ಎಂದರೆ, ಅದು ಮಲಯಾಳದ ‘ಪಾಲ್’ ಶಬ್ದದ ತಪ್ಪು ಉಚ್ಚಾರವಲ್ಲ, ಶುದ್ಧ ತುಳು. ತುಳುವರಿಯದ ಪರೀಕ್ಷಕರಿಗೆ ಇದು ತಿಳಿಯುವ ಬಗೆ ಹೇಗೆ? ನಮ್ಮ ಶಾಲೆಯ ಮಗುವೊಂದರ ತಾಯಿಗೆ ‘ಮನೆಮಾತನ್ನು ಬಿಟ್ಟು ಒಂದೇ ಭಾಷೆ ಆಡಿ’ ಎಂಬ ಸಲಹೆ ದೊರೆತಿತ್ತು. ಅಜ್ಜಿಗೆ ಬೇರೆ ಭಾಷೆ ಬಾರದು. ಮೊದಲೇ ಮಾತು ಕಡಿಮೆಯಿದ್ದ ಮಗು, ದಿನವಿಡೀ ಜೊತೆಗಿದ್ದ ಅಜ್ಜಿಯ ಮಾತನ್ನೂ ಕಳೆದುಕೊಂಡಿತು! ಹಲವು ಭಾಷೆಗಳನ್ನು ಕೇಳುವುದರಿಂದ ಮಾತಿನ ದೋಷ ಹುಟ್ಟುವುದಿಲ್ಲವೆಂಬುದು ಈ ಶಾಸ್ತ್ರ ಬಲ್ಲವರು ಒಪ್ಪಿದ ಸಂಗತಿ. ಮನೆಮಾತು ಬಲ್ಲ ಚಿಕಿತ್ಸಕರು ಹತ್ತಿರದಲ್ಲಿದ್ದಿದ್ದರೆ ಆ ಸಲಹೆ ಬರುತ್ತಿರಲಿಲ್ಲ.

ಈ ವಿದ್ಯೆಯ ದೊಡ್ಡ ಕೇಂದ್ರ ನಮಗೆ ದೂರವೇನಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಕನ್ನಡದ ಉಚ್ಚಾರಣೆಯನ್ನು ಅಳೆಯುವ ಪರೀಕ್ಷೆಯೊಂದು 1972ರಲ್ಲಿಯೇ ಸಿದ್ಧವಾಗಿತ್ತು. ಸಂಸ್ಥೆಯ ನಿರ್ದೇಶಕರಾಗಿದ್ದ ನ. ರತ್ನ ಅವರು ಕನ್ನಡದ ನಾಟಕಕಾರರೂ ಹೌದು. ಮಾತಿನ ಶಾಸ್ತ್ರಕ್ಕೂ ರಂಗಭೂಮಿಗೂ ಇರುವ ನಂಟು ಯಕ್ಷಗಾನ ಬಲ್ಲ ನಮ್ಮವರಿಗೆ ಸೋಜಿಗವೆನಿಸದು. ಕೇರಳದವರಿಗೆ ತಿರುವನಂತಪುರದಲ್ಲಿಯೂ ಸಂಸ್ಥೆಯಿದೆ. ಮಂಗಳೂರು, ಮಣಿಪಾಲಗಳಲ್ಲಿಯೂ ಶಿಕ್ಷಣ ದೊರೆಯುತ್ತದೆ.

ಪ್ಲಸ್ ಟೂವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ ಓದಿರಬೇಕು. ಪದವಿಗೆ ನಾಲ್ಕು ವರ್ಷ. ಕೊನೆಯ ಒಂದು ವರ್ಷ ಪೂರ್ತಿ ಪ್ರಾಯೋಗಿಕ ತರಬೇತಿ. ಮುಂದೆ ಎರಡು ವರ್ಷದ ಸ್ನಾತಕೋತ್ತರ ಪದವಿಯೂ ಉಂಟು. ವೃತ್ತಿ ನಡೆಸಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕಡ್ಡಾಯ. ಆದ್ದರಿಂದ ಕಾಲೇಜು ಸೇರುವ ಮುನ್ನ ಆ ಕೋರ್ಸಿಗೆ ಪರಿಷತ್ತಿನ ಮನ್ನಣೆ ಇದೆಯೇ ಎಂದು ಪಾಲಕರು ವಿಚಾರಿಸಿಕೊಳ್ಳಬೇಕು. ಆಸ್ಪತ್ರೆ, ವಿಶೇಷ ಶಾಲೆಗಳಲ್ಲಿ ಕೆಲಸ ಸಿಗುತ್ತದೆ. ಸ್ವಂತ ಚಿಕಿತ್ಸಾಲಯವನ್ನೂ ತೆರೆಯಬಹುದು.

ಕನ್ನಡ ಮಾಧ್ಯಮದವರಿಗೆ ಮೊದಲ ವರ್ಷ ಇಂಗ್ಲಿಷ್ ಪಠ್ಯ ಕಠಿಣವೆನಿಸೀತು. ಆದರೆ ರೋಗಿಯ ಎದುರು ಕುಳಿತ ದಿನ ಮೂರು ಭಾಷೆ ಬಲ್ಲ ನಮ್ಮ ಹುಡುಗಿಯ ಬಳಿಗೇ ಸಹಪಾಠಿಗಳು ಸಹಾಯ ಕೇಳಿಕೊಂಡು ಬಂದಾರು.