ನಿಮಗಿದು ಗೊತ್ತೇ? ಮರೆವೆಲ್ಲ ಅರಳು ಮರಳಲ್ಲ

ಮನೆಯ ಹಿರಿಯರು ಹೆಸರು ಮರೆತರೆ, ಹೇಳಿದ್ದನ್ನೇ ಹೇಳಿದರೆ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತೇವೆ. ಕೆಲವರ ಮರೆವಿಗೆ ಕಾರಣ ವಯಸ್ಸಲ್ಲ, ದೇಹದ ರಾಸಾಯನಿಕ ಏರುಪೇರು. ಬೇಗ ಪತ್ತೆಯಾದರೆ ಇಂಥ ಮರೆವು ಎಷ್ಟೋ ಸಲ ಹಿಮ್ಮೆಟ್ಟುತ್ತದೆ.

● ಮಿದುಳಿನ ತೂಕ ದೇಹದ ಸುಮಾರು ಶೇ. 2 ಮಾತ್ರ. ಆದರೆ ಸುಮ್ಮನೆ ಕೂತಿದ್ದಾಗಲೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಹೋಗುತ್ತದೆ!

● ಥೈರಾಯ್ಡ್ ಕುಂಠಿತವಾದರೆ ಯೋಚನೆಯೂ ನಿಧಾನ, ಮಾತೂ ನಿಧಾನ. ಇಂಥವರ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ವೈದ್ಯರು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ, ಜಿಗಿದ ಪಾದ ಮೊದಲಿನ ಸ್ಥಿತಿಗೆ ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ. ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್ 1949ರಲ್ಲಿ, ಥೈರಾಯ್ಡ್ ಕೊರತೆಯಿಂದ ಬುದ್ಧಿ ಕೆಟ್ಟಿದ್ದ 14 ಮಂದಿಯ ವಿವರ ಪ್ರಕಟಿಸಿದರು. ಔಷಧಿ ಕೊಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

● ಸೊಪ್ಪು, ತರಕಾರಿ, ಕಾಳುಗಳಲ್ಲಿ ಬಿ12 ಜೀವಸತ್ವ ಇರುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರೇ ಆಧಾರ. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಸಾಲುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಬಯಲಾಗುತ್ತದೆ. ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಬಿ12 ಇಳಿಯಬಹುದು. ರಕ್ತಹೀನತೆ ಇಲ್ಲದೆಯೇ ಮರೆವು, ಅಂಗಾಲು ಜೋಮು ಶುರುವಾಗುವುದೂ ಉಂಟು.

● ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಬರುವ ಪೆಲ್ಲಾಗ್ರದಲ್ಲಿ ಬಿಸಿಲು ಬೀಳುವ ಕುತ್ತಿಗೆ, ಕೈಗಳ ಚರ್ಮ ಕಪ್ಪಾಗಿ ಬಿರಿಯುತ್ತದೆ. ಭೇದಿ, ಬುದ್ಧಿಭ್ರಮಣೆ ಜೊತೆಗೂಡುತ್ತವೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ ಬಡವರನ್ನು ಇದು ಕಾಡಿತು. ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವಷ್ಟೇ ತಿನ್ನುತ್ತಿದ್ದ ಬಡವರಲ್ಲಿ ಇದನ್ನು ಅಧ್ಯಯನ ಮಾಡಿದವರು ಹೈದರಾಬಾದಿನ ಪೋಷಣಾ ವಿಜ್ಞಾನಿ ಸಿ. ಗೋಪಾಲನ್. ರೊಟ್ಟಿಪ್ರಿಯರು ಹೆದರಬೇಕಿಲ್ಲ: ಪಕ್ಕದಲ್ಲಿ ಕಾಳುಪಲ್ಯ, ಶೇಂಗಾಹಿಂಡಿ, ಮೊಸರು ಇದ್ದರೆ ಸಾಕು.

● ಯಕೃತ್ತು ಸೋತರೆ ಅಮೋನಿಯಾದಂಥ ವಿಷ ಮಿದುಳಿಗೇರುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ. ಸಹಿ ಬದಲಾಗುತ್ತದೆ, ನಕ್ಷತ್ರದ ಚಿತ್ರ ಬಿಡಿಸಲು ಕೈ ಬಾರದು. ಕೈ ಮುಂದೆ ಚಾಚಿ ಅಂಗೈ ಮೇಲೆತ್ತಿ ನಿಲ್ಲಿಸಲು ಹೇಳಿದರೆ, ಹಕ್ಕಿ ರೆಕ್ಕೆ ಬಡಿದಂತೆ ಕೈ ಮತ್ತೆ ಮತ್ತೆ ಕೆಳಗೆ ಬೀಳುತ್ತದೆ. ಇಂಥವರಿಗೆ ಮಲಬದ್ಧತೆಯೂ ಅಪಾಯಕಾರಿ. ಅದಕ್ಕೇ ವೈದ್ಯರು ಲ್ಯಾಕ್ಟುಲೋಸ್ ಸಿರಪ್ ಬರೆದುಕೊಡುವುದು.

● ಬುದ್ಧಿ ಮಂಕಾಗುವುದು ಮುದುಕರಿಗಷ್ಟೇ ಅಲ್ಲ. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ ಶಾಲಾ ಮಕ್ಕಳಿಗೂ ಬರುತ್ತದೆ. ಓದಿನಲ್ಲಿ ಹಿಂದೆ ಬೀಳುವುದು, ಕೈ ನಡುಕ, ತೊದಲು ಇದರ ಲಕ್ಷಣಗಳು. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು-ಹಸಿರು ಉಂಗುರ ಇದರ ಗುರುತು. ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ಇಂಥ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದೆ.

● ಬಿ.ಪಿ.ಗೆಂದು ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳಿಂದ ವೃದ್ಧರಲ್ಲಿ ಸೋಡಿಯಂ ಕುಸಿದು ದಿಢೀರ್ ಗೊಂದಲ ಉಂಟಾಗಬಹುದು. ಹಾಗೆಂದು ಅದನ್ನು ಒಮ್ಮೆಲೇ ಏರಿಸುವಂತಿಲ್ಲ. ಅವಸರ ಮಾಡಿದರೆ ಮಿದುಳಿಗೇ ಧಕ್ಕೆ.

● 1970ರ ದಶಕದಲ್ಲಿ ಡಯಾಲಿಸಿಸ್ ರೋಗಿಗಳಲ್ಲಿ ವಿಚಿತ್ರ ಬುದ್ಧಿಮಾಂದ್ಯ ಕಂಡುಬಂತು. ಕಾರಣ ಅಲ್ಯೂಮಿನಿಯಂ! ಡಯಾಲಿಸಿಸ್‌ಗೆ ಬಳಸುವ ನೀರನ್ನು ಶುದ್ಧೀಕರಿಸಿ, ಅಲ್ಯೂಮಿನಿಯಂ ಇರುವ ಔಷಧಿ ತಗ್ಗಿಸಿದ ಮೇಲೆ ಅದು ಬಹುಮಟ್ಟಿಗೆ ಮಾಯವಾಯಿತು.

● ಥೈರಾಯ್ಡ್, ಬಿ12, ಸಕ್ಕರೆ, ಸೋಡಿಯಂ, ಕ್ಯಾಲ್ಸಿಯಂ, ಯಕೃತ್ತು, ಮೂತ್ರಪಿಂಡ: ಇಷ್ಟರ ಸ್ಥಿತಿ ರಕ್ತ ಪರೀಕ್ಷೆಯಲ್ಲೇ ತಿಳಿಯುತ್ತದೆ. ಆಲ್‌ಝೈಮರ್ಸ್‌ಗೆ ಬಿ12 ಮದ್ದಲ್ಲ, ಬಹಳ ತಡವಾದರೆ ಕಳೆದ ನೆನಪು ಪೂರ್ತಿ ಮರಳುವುದೂ ಇಲ್ಲ. ಆದ್ದರಿಂದ ಮರೆವು ಕಂಡ ಹೊಸದರಲ್ಲೇ ಪರೀಕ್ಷೆ ಮಾಡಿಸಿ. ವೈದ್ಯರ ಬಳಿ ಹೋಗುವಾಗ ಹಿರಿಯರು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ.