ಪರದೆಯ ಮೂರು ಲೆಕ್ಕಗಳು



ಕತಾರಿನ ಬೇಸಿಗೆಯಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟಿದಾಗ ನಮ್ಮ ಮಕ್ಕಳ ಆಟದ ಬಯಲು ಮನೆಯೊಳಗಿನ ಪರದೆಗೆ ಬಂದು ಸೇರುವುದು ಸಹಜ. ಇದನ್ನು ಬರಿಯ ಕಾಲಹರಣವೆಂದು ತಳ್ಳಿಹಾಕುವಂತೆಯೂ ಇಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಗಣಕ ಕ್ರೀಡೆಗಳಿಗೆ ಮೊದಲ ಬಾರಿಗೆ ಪದಕಗಳು ಸಂದವು. 2030ರ ಕೂಟಕ್ಕೆ ನಮ್ಮ ದೋಹಾ ನಗರವೇ ಆತಿಥೇಯ. ಆದರೆ ಅಂಗಡಿಯಲ್ಲಿ ‘ಫೋರ್ ಕೆ’, ‘240 ಹರ್ಟ್ಸ್’ ಎಂಬ ಮಾತುಗಳು ಕೇಳಿದೊಡನೆ ತಂದೆತಾಯಿಯರು ತಬ್ಬಿಬ್ಬಾಗುತ್ತಾರೆ. ಬೆವರಿನ ರಿಯಾಲುಗಳು ವ್ಯರ್ಥವಾಗದಿರಲು ನಾವು ಮೂರು ಲೆಕ್ಕಗಳನ್ನು ಅರಿತಿರಬೇಕು.

ಪರದೆಯು ಸೆಕೆಂಡಿಗೆ ಎಷ್ಟು ಬಾರಿ ಚಿತ್ರವನ್ನು ಬದಲಿಸಬಲ್ಲದು ಎಂಬುದು ರಿಫ್ರೆಶ್ ರೇಟ್. ಚಿತ್ರದಲ್ಲಿ ಎಷ್ಟು ಚುಕ್ಕೆಗಳಿವೆ ಎಂಬುದು ರೆಸಲ್ಯೂಶನ್. ಗಣಕದ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಎಷ್ಟು ಚಿತ್ರಗಳನ್ನು ಸಿದ್ಧಪಡಿಸುತ್ತದೆ ಎಂಬುದು ಫ್ರೇಮ್ ರೇಟ್.

ಅಡುಗೆಮನೆಯ ಉದಾಹರಣೆಯನ್ನೇ ನೋಡೋಣ. ದೋಸೆ ಹುಯ್ಯುವವರು ಗ್ರಾಫಿಕ್ಸ್ ಕಾರ್ಡ್; ಬಡಿಸುವವರು ಪರದೆ; ದೋಸೆಯ ಗಾತ್ರವೇ ರೆಸಲ್ಯೂಶನ್. ಬಡಿಸುವವರು ಎಷ್ಟೇ ಚುರುಕಾಗಿದ್ದರೂ ಕಾವಲಿಯಿಂದ ಇಳಿದಷ್ಟೇ ದೋಸೆ ಎಲೆಗೆ ಬೀಳುತ್ತದೆ. ಗಾತ್ರ ಹಿರಿದಾದಂತೆ ಸಂಖ್ಯೆ ಕಿರಿದಾಗುತ್ತದೆ.

ಅಂಕಿಗಳು ಇದನ್ನೇ ಹೇಳುತ್ತವೆ. 1920×1080ರ ಚಿತ್ರದಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳು. 2560×1440ರಲ್ಲಿ ಸುಮಾರು 36.9 ಲಕ್ಷ, ಫೋರ್ ಕೆ ಎಂಬ 3840×2160ರಲ್ಲಿ ಸುಮಾರು 82.9 ಲಕ್ಷ, ಅಂದರೆ ಮೊದಲಿನದರ ನಾಲ್ಕು ಪಟ್ಟು. ಕಾಲಾವಕಾಶವೋ ಅತ್ಯಲ್ಪ. 60 ಹರ್ಟ್ಸ್‌ಗೆ ಸರಿಗಟ್ಟಲು ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡು ದೊರೆತರೆ, 144 ಹರ್ಟ್ಸ್‌ಗೆ ದೊರೆಯುವುದು 6.9 ಮಾತ್ರ.

ಸೆಕೆಂಡಿಗೆ 24 ಚಿತ್ರಗಳ ಸಿನಿಮಾವನ್ನು ನಾವು ಸುಖವಾಗಿ ನೋಡಿದವರು. ಆಟಕ್ಕೇಕೆ ಅದು ಸಾಲದು? ಸಿನಿಮಾದಲ್ಲಿ ನಾವು ಕೇವಲ ಪ್ರೇಕ್ಷಕರು. ಆಟದಲ್ಲಿ ಕೈ ಚಲಿಸಿದೊಡನೆ ಕಣ್ಣು ಉತ್ತರವನ್ನು ಬೇಡುತ್ತದೆ; ತಡವಾದರೆ ಆಟ ಎಳೆದಂತೆ ಭಾಸವಾಗುತ್ತದೆ.

ಆದುದರಿಂದ ಆಟವನ್ನು ನೋಡಿ ಪರದೆಯನ್ನು ಆರಿಸುವುದು ವಿವೇಕ. ಕ್ಷಣಾರ್ಧದಲ್ಲಿ ಗುರಿಯಿಡುವ ಸ್ಪರ್ಧೆಯ ಆಟಗಳಿಗೆ 1080 ಸಾಲುಗಳ, 144 ಹರ್ಟ್ಸ್ ಅಥವಾ ಅದಕ್ಕೂ ಮೇಲಿನ ಪರದೆ ಒಪ್ಪುತ್ತದೆ. ಕಥಾಪ್ರಧಾನ ಆಟಗಳಿಗೆ ಹೆಚ್ಚು ಚುಕ್ಕೆಗಳ ಪರದೆ, 60 ಚಿತ್ರಗಳ ವೇಗವೇ ಹಿತ. ಎರಡನ್ನೂ ಆಡುವವರಿಗೆ 1440 ಸಾಲುಗಳದು ನಡುವಿನ ಹಾದಿ. ಚಿತ್ರಗಳ ವೇಗ ಪರದೆಯ ವೇಗದೊಡನೆ ಹೊಂದದಿದ್ದರೆ ಚಿತ್ರ ಅಡ್ಡಡ್ಡ ಸೀಳಿದಂತೆ ಕಾಣಬಹುದು. ಕಾರ್ಡಿನ ವೇಗಕ್ಕೆ ತಕ್ಕಂತೆ ತನ್ನ ವೇಗವನ್ನು ಬದಲಿಸಿಕೊಳ್ಳುವ ಜಿ-ಸಿಂಕ್, ಫ್ರೀಸಿಂಕ್ ಪರದೆಗಳು ಈ ದೋಷವನ್ನು ನೀಗುತ್ತವೆ.

ಹೊಸದನ್ನು ಕೊಳ್ಳುವ ಮುನ್ನ ಇರುವುದನ್ನೊಮ್ಮೆ ಪರೀಕ್ಷಿಸಬೇಕು. 144 ಹರ್ಟ್ಸ್‌ನ ಪರದೆಯನ್ನು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 60ಕ್ಕೇ ಬಿಟ್ಟಿರುವುದುಂಟು. ಹಳೆಯ ಕೇಬಲ್ಲೂ ವೇಗಕ್ಕೆ ಕಡಿವಾಣ ಹಾಕಬಲ್ಲದು. ಒಂದು ಬಗೆಯ ಆಟದಲ್ಲಿ ರೆಸಲ್ಯೂಶನ್ ತಗ್ಗಿಸಿದರೂ ವೇಗ ಏರದಿದ್ದರೆ ತೊಡಕು ಬಹುಶಃ ಪ್ರೊಸೆಸರಿನಲ್ಲಿದೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಫಲವಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಮಗ ಅಥವಾ ಮಗಳು ‘ಆಟ ಜಗ್ಗುತ್ತಿದೆ’ ಎಂದಾಗ ಅದನ್ನು ಹಟವೆಂದು ಗದರದೆ, ಕೇಳಿದ್ದನ್ನೆಲ್ಲ ಕೊಡಿಸಿಯೂ ಬಿಡದೆ, ಜೊತೆಯಲ್ಲಿ ಕುಳಿತು ಈ ಮೂರು ಲೆಕ್ಕಗಳನ್ನು ಹಾಕೋಣ. ಹಣದ ಬೆಲೆಯನ್ನು ಮಕ್ಕಳೂ, ಮಕ್ಕಳ ಆಟವನ್ನು ನಾವೂ ಅರಿಯಲು ಅದೊಂದು ಸದವಕಾಶ.