ಅಣಬೆಗೂ ಯೂರಿಯಾಕ್ಕೂ ಏನು ಸಂಬಂಧ?

ಮಕ್ಕಳೇ, ಮಳೆ ಬಿದ್ದ ನಾಲ್ಕಾರು ದಿನಗಳಲ್ಲಿ ಹೊಲದ ಬದುವಿನಲ್ಲಿ, ಹುತ್ತದ ಬಳಿ ಅಣಬೆ ಏಳುವುದನ್ನು ನೀವು ನೋಡಿರುತ್ತೀರಿ. ಅಣಬೆ ಒಂದು ಬಗೆಯ ಶಿಲೀಂಧ್ರ. ನಮಗೆ ಕಾಣುವ ಕೊಡೆ ಅದರ ಒಂದು ಭಾಗ ಮಾತ್ರ. ಉಳಿದ ದೇಹ ಬಿಳಿ ನೂಲಿನಂತಹ ಎಳೆಗಳಾಗಿ ಮಣ್ಣಿನೊಳಗೆ ಹರಡಿರುತ್ತದೆ. ಕೊಡೆಯನ್ನೇ ಬಿಡದ ಶಿಲೀಂಧ್ರಗಳೂ ಬಹಳಷ್ಟಿವೆ.

ಬೇರಿನ ಗೆಳೆಯರು

ಕೆಲವು ಶಿಲೀಂಧ್ರಗಳು ಗಿಡಮರಗಳ ಬೇರಿನೊಡನೆ ಕೂಡಿ ಬಾಳುತ್ತವೆ. ಈ ಕೂಡುಬಾಳಿಗೆ ಜರ್ಮನಿಯ ವಿಜ್ಞಾನಿ ಎ.ಬಿ. ಫ್ರಾಂಕ್ 1885ರಲ್ಲಿ 'ಮೈಕೊರೈಜಾ' ಎಂದು ಹೆಸರಿಟ್ಟರು. 'ಶಿಲೀಂಧ್ರ ಬೇರು' ಎಂದು ಇದರ ಅರ್ಥ. ಬೇರು ಮುಟ್ಟಲಾಗದ ಕಡೆಯಿಂದ ಶಿಲೀಂಧ್ರದ ಎಳೆಗಳು ರಂಜಕ, ಸಾರಜನಕ ಮತ್ತು ನೀರನ್ನು ತಂದುಕೊಡುತ್ತವೆ. ಗಿಡ ತಾನು ತಯಾರಿಸಿದ ಸಕ್ಕರೆಯಲ್ಲಿ ಅವಕ್ಕೆ ಪಾಲು ಕೊಡುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿ ಬೆಳೆಯುವ ಸಜ್ಜೆ, ಶೇಂಗಾ ಹಾಗೂ ಬದುವಿನ ಬೇವಿನ ಮರಕ್ಕೂ ಇಂತಹ ಗೆಳೆಯರಿದ್ದಾರೆ.

ಸಾರಜನಕ ಹೆಚ್ಚಾದರೆ?

ಗಂಗಾವತಿ ಭಾಗದಲ್ಲಿ ತುಂಗಭದ್ರಾ ಕಾಲುವೆ ನೀರಿನಿಂದ ಭತ್ತ ಬೆಳೆಯುತ್ತಾರೆ. ಭತ್ತಕ್ಕೆ ಯೂರಿಯಾ ಹಾಕುತ್ತಾರೆ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ. ಅಂದರೆ 45 ಕಿಲೋ ಚೀಲದಲ್ಲಿ ಸುಮಾರು 20.7 ಕಿಲೋ! ಬೆಳೆ ಇದನ್ನೆಲ್ಲ ಹೀರಿಕೊಳ್ಳುವುದಿಲ್ಲ. ಒಂದಷ್ಟು ನೀರಿನೊಡನೆ ಹರಿದುಹೋಗುತ್ತದೆ. ಇನ್ನೊಂದಷ್ಟು ಅಮೋನಿಯಾ ಅನಿಲವಾಗಿ ಗಾಳಿಗೆ ಸೇರುತ್ತದೆ. ಗಾಳಿಯಲ್ಲಿ ಸಾಗಿದ ಅಮೋನಿಯಾ ಬೇರೆಡೆಯ ಮಣ್ಣಿಗೆ, ಕಾಡಿಗೆ ಇಳಿಯಬಲ್ಲದು.

ಸಾರಜನಕ ಸುಲಭವಾಗಿ ಸಿಕ್ಕರೆ ಮರವು ಶಿಲೀಂಧ್ರಕ್ಕೆ ಕೊಡುವ ಸಕ್ಕರೆಯನ್ನು ಕಡಿಮೆ ಮಾಡುತ್ತದೆ. ಆಗ ಹಲವು ಶಿಲೀಂಧ್ರಗಳು ಸೊರಗುತ್ತವೆ. ಸಾರಜನಕ ತಾಳಬಲ್ಲ ಕೆಲವೇ ಬಗೆಗಳು ಹೆಚ್ಚುತ್ತವೆ. ನೆದರ್‌ಲ್ಯಾಂಡ್ಸ್ ದೇಶದಲ್ಲಿ ಹೀಗೇ ಆಯಿತು. ದನದ ಕೊಟ್ಟಿಗೆಗಳ ಅಮೋನಿಯಾ ಮತ್ತು ಹೊಗೆಯ ಸಾರಜನಕ ಕಾಡಿಗೆ ಇಳಿದು ಅಲ್ಲಿನ ಅಣಬೆಗಳು ಕಡಿಮೆಯಾದವು. ಪೈನ್ ಮರಗಳ ಕೆಳಗೆ ಸಾರಜನಕ ತುಂಬಿದ ತರಗೆಲೆಯ ಪದರವನ್ನು ತೆಗೆದು ನೋಡಿದಾಗ ಹಲವು ಅಣಬೆಗಳು ಮತ್ತೆ ಕಾಣಿಸಿಕೊಂಡವು.

ಗೆಳೆಯರು ಕಡಿಮೆಯಾದರೆ ನಷ್ಟ ಮರಕ್ಕೇ. ಮಳೆ ಕೈಕೊಟ್ಟ ವರ್ಷ ನೀರು, ರಂಜಕ ತಂದುಕೊಡುವ ಎಳೆಗಳು ಅದಕ್ಕೆ ಬೇಕೇ ಬೇಕು. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಯೂರಿಯಾವನ್ನು ಕಂತುಗಳಲ್ಲಿ ಹಾಕುವುದು ಒಳ್ಳೆಯದು. ಇದರಿಂದ ರೈತರ ಹಣವೂ ಉಳಿಯುತ್ತದೆ.

ಮಾಡಿ ನೋಡಿ

ಮಳೆಗಾಲದಲ್ಲಿ ಶಿಕ್ಷಕರೊಡನೆ ಮರದ ಕೆಳಗಿನ ಒದ್ದೆ ತರಗೆಲೆಗಳನ್ನು ಕಡ್ಡಿಯಿಂದ ಸರಿಸಿ. ಬಿಳಿ ಎಳೆಗಳು ಕಂಡರೆ ಭೂತಗನ್ನಡಿಯಲ್ಲಿ ನೋಡಿ, ಚಿತ್ರ ಬರೆಯಿರಿ. ಇವು ಹೆಚ್ಚಾಗಿ ಎಲೆ ಕೊಳೆಸುವ ಶಿಲೀಂಧ್ರಗಳು. ಬೇರಿನೊಳಗಿನವನ್ನು ನೋಡಲು ಸೂಕ್ಷ್ಮದರ್ಶಕ ಬೇಕು. ಕಾಡು ಅಣಬೆಗಳನ್ನು ಮಾತ್ರ ತಿನ್ನಬೇಡಿ, ಕೆಲವು ವಿಷಕಾರಿ.